ಲ್ಯಾಪ್‌ಟಾಪ್ ಕೀಲಿಮಣೆಗೂ ಮೆಕ್ಯಾನಿಕಲ್ ಕೀಲಿಮಣೆಗೂ ಬೆರಳಿಗೆ ತಿಳಿಯುವ ವ್ಯತ್ಯಾಸವೇನು?

ವ್ಯತ್ಯಾಸ ಇರುವುದು ಕೀಲಿ ಎಷ್ಟು ಆಳ ಇಳಿಯುತ್ತದೆ, ಎಲ್ಲಿ ಅಕ್ಷರ ದಾಖಲಾಗುತ್ತದೆ ಎಂಬುದರಲ್ಲಿ.

ಲ್ಯಾಪ್‌ಟಾಪಿನ ಕೀಲಿ ಸಾಮಾನ್ಯವಾಗಿ 1ರಿಂದ 1.5 ಮಿಲಿಮೀಟರ್ ಇಳಿಯುತ್ತದೆ. ಅಡಿಯಲ್ಲಿರುವ ರಬ್ಬರ್ ಗುಮ್ಮಟ ಕುಸಿದು ತಳ ಮುಟ್ಟುವ ಹೊತ್ತಿಗೆ ಅಕ್ಷರ ಮೂಡುತ್ತದೆ. ಹಾಗಾಗಿ ಪ್ರತಿ ಸಲವೂ ಬೆರಳು ಗಟ್ಟಿ ತಳಕ್ಕೆ ಬಡಿಯುತ್ತದೆ. ದಿನವಿಡೀ ಟೈಪ್ ಮಾಡಿದವರ ಬೆರಳ ತುದಿ ನೋಯುವುದಕ್ಕೆ ಇದೂ ಒಂದು ಕಾರಣ.

ಮೆಕ್ಯಾನಿಕಲ್‌ನಲ್ಲಿ ಪ್ರತಿ ಕೀಲಿಗೂ ಪ್ರತ್ಯೇಕ ಸ್ಪ್ರಿಂಗ್ ಇರುತ್ತದೆ. ಕೀಲಿಯಡಿಯ ಈ ಸ್ಪ್ರಿಂಗ್ ಜೋಡಣೆಗೆ ಸ್ವಿಚ್ ಎನ್ನುತ್ತಾರೆ. ಚೆರ್ರಿ ಕಂಪನಿಯ ಎಂಎಕ್ಸ್ ರೆಡ್ ಸ್ವಿಚ್ಚನ್ನೇ ತೆಗೆದುಕೊಳ್ಳಿ: ಒಟ್ಟು ಆಳ 4 ಮಿಲಿಮೀಟರ್, ಆದರೆ ಅಕ್ಷರ ದಾಖಲಾಗುವುದು 2ರಲ್ಲೇ. ತಳ ಮುಟ್ಟುವ ಮೊದಲೇ ಬೆರಳು ಎತ್ತಬಹುದು. ಈ ಹದ ಕೈಗೆ ಕೂರಲು ಕೆಲವು ವಾರ ಬೇಕು. ಅದೇ ಸಾಲಿನ ಬ್ರೌನ್ ಸ್ವಿಚ್ಚಿನಲ್ಲಿ ನಡುದಾರಿಯಲ್ಲೊಂದು ಸಣ್ಣ ಉಬ್ಬು ಬೆರಳಿಗೆ ಸಿಗುತ್ತದೆ. ಬ್ಲೂ ಸ್ವಿಚ್ ಈ ಉಬ್ಬಿನ ಜೊತೆಗೆ ಟಿಕ್ ಎಂದು ಸದ್ದೂ ಮಾಡುತ್ತದೆ, ಕಚೇರಿಗೆ ಖಂಡಿತ ಬೇಡ.

‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ, ಕೆ.ಪಿ. ರಾವ್ ರೂಪಿಸಿದ ಕೀಲಿ ವಿನ್ಯಾಸದಲ್ಲಿ ಬರೆಯುವವರಿಗೆ ಇದು ಇನ್ನೂ ಮುಖ್ಯ. ‘ಅಕ್ಕ’ ಎನ್ನಲು ಎ, ಕೆ, ಎಫ್, ಕೆ ಒತ್ತಬೇಕು. ಪ್ರತಿ ಒತ್ತಕ್ಷರಕ್ಕೂ ಎಫ್ ಬೇಕಾದ್ದರಿಂದ ಎಡ ತೋರುಬೆರಳಿಗೆ ಬಿಡುವೇ ಇಲ್ಲ. ಅಲ್ಲಿ ಮೃದುವಾದ ಸ್ಪ್ರಿಂಗ್ ನಿಜಕ್ಕೂ ಉಪಕಾರ ಮಾಡುತ್ತದೆ.

ಆದರೆ ಮೆಕ್ಯಾನಿಕಲ್ ಎತ್ತರ ಹೆಚ್ಚು. ಮಣಿಕಟ್ಟು ಮೇಲಕ್ಕೆ ಬಾಗಿದರೆ ಅದರಿಂದಲೇ ನೋವು ಬರಬಹುದು. ಕುರ್ಚಿ ಎತ್ತರಿಸಿಕೊಳ್ಳಿ, ಇಲ್ಲವೇ ಮಣಿಕಟ್ಟಿಗೊಂದು ಆಸರೆ ಇಡಿ. ದಿನಕ್ಕೆ ನಾಲ್ಕಾರು ಮಿಂಚಂಚೆ ಬರೆಯುವವರಿಗೆ ಲ್ಯಾಪ್‌ಟಾಪಿನದೇ ಸಾಕು. ಪುಟಗಟ್ಟಲೆ ಬರೆಯುವವರು ಅಂಗಡಿಯಲ್ಲಿ ಒಂದು ಪೂರ್ಣ ಪ್ಯಾರಾ ಟೈಪ್ ಮಾಡಿ ನೋಡಿಯೇ ಕೊಳ್ಳಿ.