ಸ್ಪಾರ್ಸ್ ಸಿಸಿಎ ಕೊಟ್ಟ 0.9 ನಂಬಬಹುದಾ?

ಎಡಿಎನ್‌ಐ (ಆಲ್ಝೈಮರ್ ಅಧ್ಯಯನ) ಡೇಟಾದ 700 ಜನರ ಮೆದುಳಿನ ಎಂಆರ್‌ಐ ಅಳತೆ, 5 ಲಕ್ಷ ಎಸ್‌ಎನ್‌ಪಿ (ಡಿಎನ್‌ಎಯಲ್ಲಿ ಜನರ ನಡುವೆ ಒಂದೇ ಅಕ್ಷರ ಬದಲಾಗುವ ಜಾಗ) ಇಟ್ಟುಕೊಂಡು ಸ್ಪಾರ್ಸ್ ಸಿಸಿಎ (ಎರಡು ಗುಂಪಿನ ಅಳತೆಗಳಿಂದ ಕೆಲವನ್ನೇ ಆರಿಸಿ ಅವುಗಳ ನಡುವಿನ ಸಂಬಂಧ ಹುಡುಕುವ ವಿಧಾನ) ಓಡಿಸಿದಾಗ ಕೋರಿಲೇಶನ್ 0.9 ಬಂತು, ನಂಬಬಹುದಾ ಅಂತ ಕೇಳಿದ್ದೀರಿ. ಸದ್ಯಕ್ಕೆ ನಂಬಬೇಡಿ.

ಜನರಿಗಿಂತ ಎಸ್‌ಎನ್‌ಪಿ ಇಷ್ಟು ಜಾಸ್ತಿ ಇದ್ದಾಗ, ಸುಮ್ನೆ ಯಾವುದೋ ಅಂಕಿಗಳನ್ನು ಕೊಟ್ಟರೂ ಈ ವಿಧಾನ ದೊಡ್ಡ ಕೋರಿಲೇಶನ್ ಹುಡುಕಿಬಿಡುತ್ತದೆ. ಪರೀಕ್ಷೆ ಸುಲಭ. ಯಾರ ಎಂಆರ್‌ಐ ಯಾರದು ಎಂಬುದನ್ನು ಕಲಸಿ, ಮತ್ತೆ ಓಡಿಸಿ. ಹೀಗೆ ಸಾವಿರ ಸಲ ಮಾಡಿ, ಆಗಲೂ 0.9ರಷ್ಟು ಬರುತ್ತದಾ ನೋಡಿ. ಪೆನಾಲ್ಟಿ (ಎಷ್ಟು ಕಡಿಮೆ ಎಸ್‌ಎನ್‌ಪಿ ಉಳಿಸಬೇಕು ಎಂದು ಹಿಡಿತದಲ್ಲಿಡುವ ಅಂಕಿ) ಆರಿಸುವ ಹೆಜ್ಜೆಯೂ ಪ್ರತಿ ಸಲ ಒಳಗೇ ಇರಲಿ, ಅದನ್ನು ಹೊರಗಿಟ್ಟರೆ ಪರೀಕ್ಷೆಗೆ ಅರ್ಥವೇ ಇಲ್ಲ. ಆಮೇಲೆ, ಮಾಡೆಲ್ ನೋಡಿರದ ಜನರಲ್ಲಿ ಆ 0.9 ಎಷ್ಟು ಉಳಿಯುತ್ತದೆ ನೋಡಿ.

ವಯಸ್ಸು, ಲಿಂಗ, ತಲೆಯ ಗಾತ್ರ, ವಂಶಮೂಲದ ವ್ಯತ್ಯಾಸ ಇವುಗಳ ಪ್ರಭಾವವನ್ನು ಮೊದಲೇ ಕಳೆದಿದ್ದೀರಿ ಅಲ್ವಾ?

ಅಕ್ಕಪಕ್ಕದ ಎಸ್‌ಎನ್‌ಪಿಗಳು ಸಾಮಾನ್ಯವಾಗಿ ಜೊತೆಯಾಗಿಯೇ ಬರುತ್ತವೆ. ಸ್ಪಾರ್ಸ್ ಪೆನಾಲ್ಟಿ ಅವುಗಳಲ್ಲಿ ಒಂದನ್ನು ಎತ್ತಿಕೊಂಡಿತೆಂದರೆ ಅದೇ ಕಾರಣ ಅಂತಲ್ಲ. ಎಸ್‌ಎನ್‌ಪಿಗಳನ್ನು ಜೀನ್ ಪ್ರಕಾರ ಗುಂಪು ಮಾಡಿ, ಇಡೀ ಗುಂಪನ್ನೇ ಆರಿಸುವ ಅಥವಾ ಬಿಡುವ ಗ್ರೂಪ್ ಲಾಸೊ ಎಂಬ ಪೆನಾಲ್ಟಿ ಇಲ್ಲಿ ವಾಸಿ ಅನ್ನುವುದು ನನ್ನ ಅಭಿಪ್ರಾಯ.

19ನೇ ಕ್ರೋಮೋಸೋಮಿನ ಎಪಿಒಇ (ಆಲ್ಝೈಮರ್ ಅಪಾಯಕ್ಕೆ ಹೆಸರಾದ ಜೀನ್) ಸುತ್ತಲಿನ ಎಸ್‌ಎನ್‌ಪಿಗಳನ್ನು ತೆಗೆದು ಒಮ್ಮೆ ಓಡಿಸಿ. ಎಡಿಎನ್‌ಐ ಆಲ್ಝೈಮರ್ ಅಧ್ಯಯನಕ್ಕಾಗಿಯೇ ಸೇರಿಸಿದ ಡೇಟಾ. ಆಗ ಹಿಪೊಕ್ಯಾಂಪಸ್ (ನೆನಪಿಗೆ ಮುಖ್ಯವಾದ ಮೆದುಳಿನ ಭಾಗ) ಜೊತೆಗಿನ ಸಂಬಂಧ ಕುಸಿದರೆ, ನಿಮಗೆ ಸಿಕ್ಕಿದ್ದರಲ್ಲಿ ಬಹುಪಾಲು ಆ ಒಂದೇ ಜಾಗದ್ದು.