ಆಮ್ಲಜನಕ ಇಲ್ಲದಾಗ ಎಟಿಪಿ ತಿನ್ನುವುದು ಯಾರು?

ಆಮ್ಲಜನಕ ಸಿಗದಿದ್ದರೆ, ಜೀವಕೋಶದ ಶಕ್ತಿನಾಣ್ಯವಾದ ಎಟಿಪಿಯನ್ನು ತಯಾರಿಸುವ ಮೈಟೊಕಾಂಡ್ರಿಯ ಸುಮ್ಮನೆ ನಿಂತುಬಿಡುತ್ತದಲ್ಲವೇ, ಹಾಗಾದರೆ ಇಲಿಯ ಹೃದಯ ಬೇಗ ಹಾಳಾಗಿ ಕೆಂಪು ಕಿವಿಯ ಆಮೆ ಚಳಿನೀರಿನಲ್ಲಿ ವಾರಗಟ್ಟಲೆ ಬದುಕುವುದು ಹೇಗೆ ಎಂದು ಕೇಳಿದ್ದೀರಿ.

ಸುಮ್ಮನೆ ನಿಂತಿದ್ದರೆ ಎಷ್ಟೋ ವಾಸಿ. ಆಮ್ಲಜನಕದ ಕಡೆಗಿನ ಎಲೆಕ್ಟ್ರಾನ್ ಸಾಗಣೆ ನಿಂತು ಮೈಟೊಕಾಂಡ್ರಿಯದ ಒಳಪೊರೆಯ ವೋಲ್ಟೇಜ್ ಇಳಿದಾಗ, ಎಟಿಪಿ ತಯಾರಿಸುವ ಕಿಣ್ವವಾದ ಎಟಿಪಿ ಸಿಂಥೇಸ್ ಹಿಮ್ಮುಖವಾಗಿ ತಿರುಗುತ್ತದೆ. ಎಟಿಪಿಯನ್ನು ಒಡೆದು ಪ್ರೋಟಾನ್‌ಗಳನ್ನು ಹೊರಕ್ಕೆ ತಳ್ಳುತ್ತದೆ. ಒಂದು ಗ್ಲೂಕೋಸಿನಿಂದ ಗ್ಲೈಕಾಲಿಸಿಸ್‌ಗೆ (ಆಮ್ಲಜನಕವಿಲ್ಲದೆ ಗ್ಲೂಕೋಸ್ ಒಡೆಯುವ ಕ್ರಿಯೆಗೆ) ದಕ್ಕುವುದೇ 2 ಎಟಿಪಿ, ಅದಕ್ಕೂ ಇಲ್ಲಿ ಕತ್ತರಿ. ಒಳಪೊರೆಯೊಳಗಿನ ದ್ರವ, ಅಂದರೆ ಮ್ಯಾಟ್ರಿಕ್ಸ್, ಆಮ್ಲೀಯವಾದಾಗ ಐಎಫ್‌1 ಎಂಬ ಪುಟ್ಟ ಪ್ರೋಟೀನ್ ಈ ಕಿಣ್ವಕ್ಕೆ ಅಂಟಿಕೊಂಡು ತಡೆಯುತ್ತದೆ. ಇಲಿಯ ಹೃದಯದಲ್ಲಿ ಅದರ ಪ್ರಮಾಣ ಕಡಿಮೆ.

ಆಮೆಯ ಹೃದಯದಲ್ಲಿ ದೀರ್ಘಕಾಲ ಆಮ್ಲಜನಕವಿಲ್ಲದಾಗ ಈ ಕಿಣ್ವದ ಚಟುವಟಿಕೆಯೇ ತಗ್ಗುತ್ತದೆ. ಜೊತೆಗೆ ಇಡೀ ದೇಹದ ಖರ್ಚೂ ಇಳಿಯುತ್ತದೆ, ಲ್ಯಾಕ್ಟಿಕ್ ಆಮ್ಲವನ್ನು ಚಿಪ್ಪಿನ ಕಾರ್ಬೊನೇಟ್ ತಟಸ್ಥಗೊಳಿಸುತ್ತದೆ. ನನ್ನ ಪ್ರಕಾರ ಖರ್ಚು ಇಳಿಸುವುದೇ ಇಲ್ಲಿ ಮುಖ್ಯ, ಉಳಿದದ್ದೆಲ್ಲ ಅದಕ್ಕೆ ಪೂರಕ.

ಆಮ್ಲಜನಕ ಮರಳುವ ಗಳಿಗೆಯೂ ಅಪಾಯದ್ದೇ. ಸಸ್ತನಿಗಳಲ್ಲಿ ಆಮ್ಲಜನಕವಿಲ್ಲದಾಗ ಶೇಖರವಾದ ಸಕ್ಸಿನೇಟ್ ಎಂಬ ಇಂಧನ ಅಣು ಒಮ್ಮೆಲೇ ಉರಿದು, ಎಲೆಕ್ಟ್ರಾನ್ ಸಾಗಣೆಯ ಮೊದಲ ಕಿಣ್ವವಾದ ಕಾಂಪ್ಲೆಕ್ಸ್ 1ರಲ್ಲಿ ಎಲೆಕ್ಟ್ರಾನ್‌ಗಳು ಹಿಂದಕ್ಕೆ ಹರಿದು, ಕೋಶಕ್ಕೆ ಹಾನಿ ಮಾಡುವ ಸೂಪರ್‌ಆಕ್ಸೈಡ್ ಹುಟ್ಟುತ್ತದೆ.

ಪ್ರಯೋಗದಲ್ಲಿ ನೋಡಬೇಕೆಂದಿದ್ದರೆ, ಎಟಿಪಿ ಸಿಂಥೇಸ್ ಅನ್ನು ತಡೆಯುವ ಒಲಿಗೋಮೈಸಿನ್ ಬಳಸಿ. ಅದನ್ನು ಹಾಕಿದಾಗ ಎಟಿಪಿ ಇಳಿಕೆ ನಿಧಾನವಾದರೆ ತಿನ್ನುತ್ತಿದ್ದದ್ದು ಸಿಂಥೇಸ್. ಆದರೆ ಆಮ್ಲಜನಕ ಪೂರ್ತಿ ಹೋದ ಮೇಲೆಯೇ ಹಾಕಿ, ಇಲ್ಲವಾದರೆ ಅದು ಎಟಿಪಿ ತಯಾರಿಕೆಯನ್ನೇ ನಿಲ್ಲಿಸಿ ಫಲಿತಾಂಶ ತಲೆಕೆಳಗಾಗುತ್ತದೆ.