ಚಿಕ್ಕಿ ದಡಿ (ಸೀರೆ ಅಂಚಿನ ಒಂದು ಬಗೆ) ಆರಿಸಿದರೂ ಆ ದಡಿಯಲ್ಲಿ ಇಲ್ಲದ ಬಣ್ಣಗಳು ಕಾಣುವುದು (ಆನ್‌ಲೈನ್ ಅಂಗಡಿ ನಡೆಸುವ ತಂತ್ರಾಂಶ ವೂಕಾಮರ್ಸ್, ಇಳಕಲ್ ಸೀರೆ)

ವೇರಿಯೇಶನ್‌ಗಳು (ಬಣ್ಣ, ದಡಿ, ಕುಬಸ ಕೂಡಿ ಆಗೋ ಒಂದೊಂದು ಜೋಡಿ) 30 ದಾಟಿರೋದೇ ಬಹುತೇಕ ಕಾರಣ. ನೀವು ಬರೆದಂತೆ 6 ಬಣ್ಣ, 3 ದಡಿ, ಕುಬಸ ಇರೋದು ಇಲ್ಲದ್ದು ಅಂದ್ರ 36 ಆಗ್ತಾವ. 30ರ ತನಕ ಎಲ್ಲ ಜೋಡಿಗಳ ಮಾಹಿತಿ ಪುಟದ ಜೊತೆಗೇ ಬರುತ್ತದೆ, ಹಾಗಾಗಿ ಇಲ್ಲದ ಬಣ್ಣ ತಾನೇ ಮರೆಯಾಗುತ್ತದೆ. ದಾಟಿದರೆ ಇಲ್ಲದ ಬಣ್ಣವೂ ಕಾಣ್ತದ, ಯಾಕಂದ್ರ ಗಿರಾಕಿ ಎಲ್ಲವನ್ನೂ ಆರಿಸಿದ ಮೇಲಷ್ಟೇ ಪುಟ ಸರ್ವರ್‌ಗೆ ಕೇಳುತ್ತದೆ.

ಮೊದಲು ಆ ಸೀರೆಯ ವೇರಿಯೇಶನ್ಸ್ ಟ್ಯಾಬ್ ತೆರೆದು, ಮಗ್ಗದಲ್ಲಿ ನೇಯಿಸದ ಜೋಡಿಗಳನ್ನ ಅಳಿಸ್ರಿ. ‘ಎನೇಬಲ್ಡ್’ ಟಿಕ್ ತೆಗೆದರೆ ಸಾಲದು, ಅವೂ ಲೆಕ್ಕಕ್ಕೆ ಬರ್ತಾವ. ಬೆಲೆ ಖಾಲಿ ಬಿಟ್ಟವೂ ಅಷ್ಟೇ. ಉಳಿದವುಗಳಲ್ಲಿ ಬಣ್ಣದ ಜಾಗದಲ್ಲಿ ‘ಎನಿ’ ಅಂತಿದ್ದರೆ ನಿಜವಾದ ಬಣ್ಣ ಹಾಕ್ರಿ, ಇಲ್ಲದಿದ್ರ ಆ ದಡಿಗೆ ಎಲ್ಲ ಬಣ್ಣಗಳೂ ತೋರಿಸ್ತದ.

ಆಮೇಲೂ 30ಕ್ಕಿಂತ ಹೆಚ್ಚಿದ್ದರೆ ಚೈಲ್ಡ್ ಥೀಮಿನ (ಮೂಲ ಥೀಮ್ ಮುಟ್ಟದೆ ಬದಲಾವಣೆ ಇಡೋ ಜಾಗ) ಫಂಕ್ಷನ್ಸ್ ಫೈಲಿನಲ್ಲಿ ‘woocommerce_ajax_variation_threshold’ ಫಿಲ್ಟರ್‌ಗೆ 60 ಕೊಡ್ರಿ, ಅದು ಆ 30ರ ಮಿತಿಯನ್ನ ಏರಿಸ್ತದ. ನೂರಾರು ಕೊಡೋದು ಬ್ಯಾಡ, ಮೊಬೈಲಿನಲ್ಲಿ ಪುಟ ಭಾರ ಆಗ್ತದ.

ಕುಬಸದ ಹೊಲಿಗೆ ಅಳತೆಯನ್ನ ವೇರಿಯೇಶನ್ ಮಾಡಲೇಬ್ಯಾಡ್ರಿ, ಲೆಕ್ಕ ಕೈಮೀರ್ತದ. ಪ್ರತ್ಯೇಕ ಫೀಲ್ಡ್ ಇಟ್ಟು, ‘ಹೊಲಿಸಿ ಕೊಡಿ’ ಅಂದಾಗ ಮಾತ್ರ ತೋರಿಸ್ರಿ. ಮರೆಯಲ್ಲಿರುವಾಗ ಅದು ಕಡ್ಡಾಯ ಆಗಿರಬಾರದು; ಇದ್ದರೆ ಸೀರೆ ಕಾರ್ಟ್‌ಗೇ ಹೋಗದೆ ಸಿಕ್ಕಿಕೊಳ್ಳಬಹುದು.

ಕ್ಯಾಶೆ (ಉಳಿಸಿಟ್ಟ ಹಳೆಯ ಪುಟದ ಪ್ರತಿ) ಅಳಿಸಿ ಪರೀಕ್ಷಿಸ್ರಿ. ಆಗಲೂ ಹಾಗೇ ಇದ್ದರೆ ಬಣ್ಣದ ಗುಂಡಿ ತೋರಿಸುವ ಪ್ಲಗಿನ್ (ಸೇರಿಸಿಕೊಂಡ ಹೆಚ್ಚುವರಿ ತಂತ್ರಾಂಶ) ಮೇಲೆ ನನಗೆ ಅನುಮಾನ. ಅದನ್ನ ಆಫ್ ಮಾಡಿ ನೋಡ್ರಿ.